ಎಂಟು ಹೆಗಲಿನ ಲೆಕ್ಕ

ತಿರುವನಂತಪುರದ ಕಳಕ್ಕೂಟಂ ಎಂದರೆ ಈಗ ಎಲ್ಲರಿಗೂ ಟೆಕ್ನೋಪಾರ್ಕ್. ಆಟದವರಿಗೆ ಮಾತ್ರ ಅದು ಬೇರೆಯೇ ಊರು: 1962ರ ಸೈನಿಕ ಶಾಲೆ, ಪಕ್ಕದ ಕಾರ್ಯವಟ್ಟಂನಲ್ಲಿ 1985ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು, ಗ್ರೀನ್‌ಫೀಲ್ಡ್ ಕ್ರೀಡಾಂಗಣ. 2015ರ ಜನವರಿ 31ರಂದು 35ನೇ ರಾಷ್ಟ್ರೀಯ ಕ್ರೀಡಾಕೂಟ ಈ ಕ್ರೀಡಾಂಗಣದಲ್ಲೇ ಉದ್ಘಾಟನೆಯಾಯಿತು. ಆ ಕೂಟದಲ್ಲಿ ರಗ್ಬಿಯೂ ಇತ್ತು, ತಲಾ ಏಳು ಆಟಗಾರರ ತಂಡಗಳದು. ಅದರ ಸ್ಕ್ರಮ್‌ನಲ್ಲಿ ಒಂದೊಂದು ಕಡೆಯಿಂದ ಮೂವರಷ್ಟೇ ಹೆಗಲು ಕೊಡುತ್ತಾರೆ. ಹದಿನೈದು ಜನರ ಆಟದಲ್ಲಿ ಎಂಟೆಂಟು ಫಾರ್ವರ್ಡ್‌ಗಳು ತಲೆ ತಗ್ಗಿಸಿ ಎದುರುಬದುರು ತಳ್ಳುತ್ತಾರೆ. ವಿಜ್ಞಾನಕ್ಕೆ ಹೆಚ್ಚು ಕೆಲಸವಿರುವುದು ಇಲ್ಲಿ.

ಸಂಶೋಧಕ ಪೀಟರ್ ಮಿಲ್‌ಬರ್ನ್ 1990ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಡಿಕ್ಕಿಯ ಕ್ಷಣದಲ್ಲಿ ಹೈಸ್ಕೂಲ್ ಹುಡುಗರ ಸ್ಕ್ರಮ್ ಸುಮಾರು 4,400 ನ್ಯೂಟನ್ ಬಲ ಹಾಕುತ್ತದೆ; ಅಂತರರಾಷ್ಟ್ರೀಯ ತಂಡ ಸುಮಾರು 8,000. ಹುಡುಗರದ್ದು ನಾಲ್ಕೂವರೆ ಕ್ವಿಂಟಲ್ ಭಾರಕ್ಕೆ ಸಮ. ಎಂಟು ಜನರನ್ನು ಒಬ್ಬೊಬ್ಬರಾಗಿ ತಳ್ಳಿಸಿ ಕೂಡಿಸಿದರೆ ಬರುವ ಮೊತ್ತ ಸ್ಕ್ರಮ್‌ನಲ್ಲಿ ಎಂದೂ ಸಿಗದು. ಓಣಂ ಹಬ್ಬದ ವಡಂವಲಿ ಆಡಿದವರಿಗೆ ಇದು ಗೊತ್ತು: ಹಗ್ಗಕ್ಕೆ ಕೈ ಹೆಚ್ಚಿದಷ್ಟೂ ತಲಾ ಬಲ ಇಳಿಯುತ್ತದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಒಬ್ಬನ ಸೊಂಟ ಹೆಗಲಿಗಿಂತ ಮೇಲೆ ಏರಿದರೆ ಬಲ ನೆಲದ ಕಡೆಗೆ ಹೋಗುತ್ತದೆ, ಇನ್ನೊಬ್ಬ ಅರೆಕ್ಷಣ ತಡಮಾಡಿದರೆ ಮುಂದಿನವನ ಬೆನ್ನೇ ಬಳುಕಿ ಅದನ್ನು ನುಂಗುತ್ತದೆ. ಮುಂಗಾರು, ಹಿಂಗಾರು ಎರಡರ ಮಳೆಯನ್ನೂ ಕಾಣುವ ತಿರುವನಂತಪುರದಂಥ ಕಡೆ ಬೂಟಿನ ಮೊಳೆ ಕೆಸರಿನಲ್ಲಿ ಜಾರಿದರಂತೂ ಎಷ್ಟು ದಪ್ಪ ತೊಡೆಯಿದ್ದೂ ಪ್ರಯೋಜನವಿಲ್ಲ.

ಈ ಸೋರಿಕೆ ಅಂಚಿನಲ್ಲಿ ಕುಳಿತ ತರಬೇತುದಾರನ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಹೆಗಲು ಕೊಟ್ಟವನಿಗೆ ತಿಳಿಯುತ್ತದೆ. ನಾಯಕ ಫಾರ್ವರ್ಡ್ ಆಗಿದ್ದರೆ ಲಾಭ ಎನ್ನುವುದಕ್ಕೆ ನನಗೆ ಕಾಣುವ ಒಳ್ಳೆಯ ಕಾರಣ ಇದೇ.

ಅಂಥ ನಾಯಕರ ಎರಡು ತೀರ್ಮಾನ ನೋಡಿ. 2015ರ ರಗ್ಬಿ ವಿಶ್ವಕಪ್‌ನಲ್ಲಿ ಸೆಪ್ಟೆಂಬರ್ 19ರಂದು ಬ್ರೈಟನ್‌ನಲ್ಲಿ ಜಪಾನ್ ದಕ್ಷಿಣ ಆಫ್ರಿಕಾಕ್ಕಿಂತ 29–32ರಿಂದ ಹಿಂದಿತ್ತು. ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಗೋಲಿಗೆ ಒದ್ದರೆ ಮೂರು ಅಂಕ, ಪಂದ್ಯ ಸಮ. ಫಾರ್ವರ್ಡ್ ಆಗಿದ್ದ ನಾಯಕ ಮೈಕೆಲ್ ಲೀಚ್ ಸ್ಕ್ರಮ್ ಕೇಳಿದ. ಎದುರಾಳಿಗಳಲ್ಲಿ ಒಬ್ಬ ಹಳದಿ ಕಾರ್ಡ್ ಪಡೆದು ಹೊರಗಿದ್ದ. ಚೆಂಡು ಬದಿಗೆ ಸಾಗಿ, ಕಾರ್ನ್ ಹೆಸ್ಕೆತ್ ಮೂಲೆಯಲ್ಲಿ ಐದು ಅಂಕದ ಟ್ರೈ ಇಟ್ಟ; 34–32. ವಾರ ಕಳೆಯುವಷ್ಟರಲ್ಲಿ, 26ರಂದು, ಟ್ವಿಕನ್‌ಹ್ಯಾಮ್‌ನಲ್ಲಿ ವೇಲ್ಸ್ ಎದುರು 25–28ರಿಂದ ಹಿಂದಿದ್ದ ಇಂಗ್ಲೆಂಡ್‌ಗೂ ಅಂಥದೇ ಪೆನಾಲ್ಟಿ. ನಾಯಕ ಕ್ರಿಸ್ ರಾಬ್‌ಶಾ, ಅವನೂ ಫಾರ್ವರ್ಡ್, ಚೆಂಡನ್ನು ಮೂಲೆಗೆ ಒದೆಸಿ, ಸಾಲಾಗಿ ನಿಂತ ಎರಡೂ ತಂಡಗಳ ನಡುವೆ ಚೆಂಡು ಎಸೆಯುವ ಲೈನ್‌ಔಟ್ ಆರಿಸಿದ. ಚೆಂಡು ಸಾಲಿನ ಮುಂಭಾಗದಲ್ಲಿದ್ದ ಅವನ ಕೈಗೇ ಬಂತು, ವೇಲ್ಸ್ ಆಟಗಾರರು ಅವನನ್ನು ಮೈದಾನದ ಬದಿಗೆರೆಯಾಚೆ ನೂಕಿದರು. ಲೀಚ್ ಧೀರನಾದ, ರಾಬ್‌ಶಾ ಮೂರ್ಖನಾದ. ಆಡುವವರೇನೋ ಆಡಿಕೊಂಡರು, ಫಲ ನೋಡಿ ತೀರ್ಮಾನಕ್ಕೆ ಅಂಕ ಕೊಡುವ ಈ ಚಾಳಿಗೆ ಮನಶ್ಶಾಸ್ತ್ರದಲ್ಲಿ ಹೆಸರೇ ಇದೆ, ಫಲಿತಾಂಶ ಪೂರ್ವಗ್ರಹ ಎಂದು.

ಶಾಲಾ ತಂಡದ ನಾಯಕ ಲೀಚ್‌ನನ್ನು ನಕಲು ಮಾಡುವ ಮುನ್ನ ನಿಯಮ ಓದಬೇಕು. ಹತ್ತೊಂಬತ್ತರ ಒಳಗಿನವರ ಆಟದಲ್ಲಿ ಸ್ಕ್ರಮ್ ಅನ್ನು ಎದುರಾಳಿಯ ಗೋಲುಗೆರೆಯ ಕಡೆಗೆ ಒಂದೂವರೆ ಮೀಟರಿಗಿಂತ ಮುಂದೆ ತಳ್ಳುವಂತಿಲ್ಲ. ಎಳೆಯ ಕುತ್ತಿಗೆಗಳ ರಕ್ಷಣೆ ಅದರ ಉದ್ದೇಶ. ಹಾಗಾಗಿ ಗೆರೆಯಿಂದ ಐದು ಮೀಟರ್ ದೂರದ ಸ್ಕ್ರಮ್‌ನಿಂದ ನೂಕಿಕೊಂಡೇ ಟ್ರೈ ಗಳಿಸುವ ಆಸೆ ಬಿಡಬೇಕು. ಹದಿನಾರು ಫಾರ್ವರ್ಡ್‌ಗಳು ಒಂದೇ ಕಡೆ ಸಿಕ್ಕಿಕೊಂಡು ಮೈದಾನದ ಉಳಿದ ಅಗಲ ತೆರೆದುಕೊಳ್ಳುವುದಷ್ಟೇ ಅವನ ಲಾಭ.

ಉಳಿದದ್ದು ಸಂಭವದ ಲೆಕ್ಕ. ತನ್ನ ತಂಡದ ಒದೆಗಾರ ಹತ್ತರಲ್ಲಿ ಆರು ಸಲ ಗುರಿ ಮುಟ್ಟುತ್ತಾನೆ, ಮೂರು ಲೈನ್‌ಔಟ್‌ಗೆ ಒಂದು ಟ್ರೈ ಸಿಗುತ್ತದೆ ಎಂದು ನಾಯಕ ಅಂದಾಜಿಸಲಿ. ಮೂರು ಅಂಕ ಹಿಂದಿದ್ದು ಇದೇ ಕೊನೆಯ ಅವಕಾಶವಾದರೆ, ಸಮಬಲವನ್ನು ಅರ್ಧ ಗೆಲುವೆಂದು ಎಣಿಸಿದಾಗ ಒದೆತದ ಬೆಲೆ 0.30, ಲೈನ್‌ಔಟ್‌ನದು 0.33. ಹೆಚ್ಚುಕಡಿಮೆ ಒಂದೇ. ಎರಡೇ ಅಂಕ ಹಿಂದಿದ್ದರೆ ಒದೆತವೇ ಗೆಲುವು ತರುತ್ತದೆ, 0.60, ಆಗ ಮೂಲೆ ಕಡೆ ನೋಡುವವನು ದಡ್ಡ. ಚೆಂಡು ಒದ್ದೆಯಾಗಿ ಆರು ಎನ್ನುವುದು ನಾಲ್ಕಕ್ಕೆ ಇಳಿದರೂ ಈ ಉತ್ತರ ಬದಲಾಗದು, ಲೈನ್‌ಔಟ್‌ನಲ್ಲಿ ಅದೇ ಒದ್ದೆ ಚೆಂಡನ್ನೇ ಹಿಡಿಯಬೇಕಲ್ಲ.