ಕರಗಿದ ಸಿಲಿಕಾನಿಗೆ ಕಾಂತದ ಕಡಿವಾಣ

ಸೌಟು ಹಾಕದೆ, ಉರಿ ತಗ್ಗಿಸದೆ, ಒಲೆಯ ಮೇಲಿನ ಪಾತ್ರೆಯಲ್ಲಿ ಹೊರಳಾಡುವ ದ್ರವವನ್ನು ಸುಮ್ಮನಾಗಿಸಲು ಸಾಧ್ಯವೆ? ಸಾರು, ಹಾಲುಗಳ ಮಟ್ಟಿಗೆ ಆಗದ ಮಾತು. ಆದರೆ ದ್ರವವು ವಿದ್ಯುತ್ತನ್ನು ಚೆನ್ನಾಗಿ ಹರಿಸುವಂಥದ್ದಾದರೆ ಪಕ್ಕದಲ್ಲಿ ಬಲವಾದ ಅಯಸ್ಕಾಂತವೊಂದನ್ನು ಇಟ್ಟು ಅದರ ಹೊರಳಾಟವನ್ನು ತಡೆಯಬಹುದು. ಚಿಪ್‌ಗಳಿಗೆ ಬೇಕಾದ ಸಿಲಿಕಾನ್ ಹರಳನ್ನು ಬೆಳೆಸುವ ಹಲವು ಕಾರ್ಖಾನೆಗಳಲ್ಲಿ ಇದು ನಿತ್ಯದ ಕೆಲಸ.

ಹರಳು ಬೆಳೆಸುವ ವಿಧಾನ ಹಳೆಯದು. ಪೋಲೆಂಡ್ ಮೂಲದ ಯಾನ್ ಚೊಕ್ರಾಲ್ಸ್ಕಿ 1916ರಲ್ಲಿ ಬರ್ಲಿನ್ನಿನಲ್ಲಿ ಕೆಲಸದಲ್ಲಿದ್ದಾಗ, ಲೇಖನಿಯನ್ನು ಮಸಿಕುಡಿಕೆಗೆ ಬದಲು ಕರಗಿದ ತವರದಲ್ಲಿ ಅದ್ದಿ ಎತ್ತಿದನಂತೆ. ಮೊನೆಗೆ ತವರದ ಸಣ್ಣ ಎಳೆಯೊಂದು ಹತ್ತಿಕೊಂಡು ಬಂತು. ಪರೀಕ್ಷಿಸಿದರೆ ಅದು ಒಂದೇ ಅಖಂಡ ಹರಳು! ಯುದ್ಧಾನಂತರ ಸ್ವದೇಶದಲ್ಲೇ ಶಂಕೆಗೆ ಗುರಿಯಾಗಿ, 1953ರಲ್ಲಿ ತೀರಿಕೊಂಡ ಈತನ ಹೆಸರಿನಲ್ಲೇ ಇಂದಿಗೂ ಆ ವಿಧಾನವನ್ನು ಕರೆಯುತ್ತಾರೆ.

ಸಿಲಿಕಾನಿಗೂ ಅದೇ ಉಪಾಯ. ಕ್ವಾರ್ಟ್ಜಿನ ದುಂಡು ಮೂಸೆಯಲ್ಲಿ ಸಿಲಿಕಾನನ್ನು 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಬೀಜದಂಥ ಸಣ್ಣ ಹರಳನ್ನು ಮೇಲ್ಮೈಗೆ ಸೋಕಿಸಿ ನಿಧಾನವಾಗಿ ಮೇಲೆಳೆಯುತ್ತಾರೆ. ವೇಗ ನಿಮಿಷಕ್ಕೆ ಸುಮಾರು ಒಂದು ಮಿಲಿಮೀಟರು. ಹರಳು ಒಂದು ದಿಕ್ಕಿಗೆ ತಿರುಗಿದರೆ ಮೂಸೆ ಸಾಮಾನ್ಯವಾಗಿ ಎದುರು ದಿಕ್ಕಿಗೆ ತಿರುಗುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಗೋಡೆಯ ಬಳಿ ಕಾದ ದ್ರವ ಮೇಲೇರುತ್ತದೆ, ನಡುವೆ ತಣಿದದ್ದು ಕೆಳಗಿಳಿಯುತ್ತದೆ. ಇದರ ಮೇಲೆ ತಿರುಗಣೆಯ ಸೆಳೆತ ಬೇರೆ. ಮೂಸೆ ದೊಡ್ಡದಾದಷ್ಟೂ ಹರಿವು ಅಂಕೆ ಮೀರುತ್ತದೆ. ಹರಳು ಗಟ್ಟಿಯಾಗುವ ಅಂಚಿನಲ್ಲಿ ಉಷ್ಣತೆ ಏರಿಳಿದು, ಬೆಳವಣಿಗೆ ಒಂದು ಕ್ಷಣ ಬಿರುಸು, ಮರುಕ್ಷಣ ಮಂದ. ಹೀಗಾಗಿ ಹರಳಿನೊಳಗೆ ಬೆರಕೆಯ ಅಂಶಗಳು ಮರದ ವರ್ಷವಲಯಗಳಂತೆ ಪಟ್ಟೆ ಪಟ್ಟೆಯಾಗಿ ಕೂರುತ್ತವೆ. ಹರಿವು ಮೂಸೆಯ ಗೋಡೆಯನ್ನೂ ಸವೆಸಿ ಆಮ್ಲಜನಕವನ್ನು ದ್ರವಕ್ಕೆ ಸೇರಿಸುತ್ತದೆ. ಕ್ಯಾಮೆರಾ ಚಿಪ್‌ನಲ್ಲಂತೂ ಈ ಪಟ್ಟೆಗಳು ಚಿತ್ರದ ಮೇಲೆಯೇ ಮೂಡುವ ಭಯ.

ಅಯಸ್ಕಾಂತ ಇದನ್ನು ಹೇಗೆ ತಡೆಯುತ್ತದೆ? ಹಿಂದೆ ಮನೆ ಮನೆಯಲ್ಲಿದ್ದ ಕರೆಂಟ್ ಮೀಟರನ್ನು ನೆನಪಿಸಿಕೊಂಡರೆ ಸಾಕು. ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆ ಅಂಕೆ ಮೀರಿ ಓಡದಂತೆ ಹಿಡಿಯುತ್ತಿದ್ದುದು ಅಂಚಿನಲ್ಲಿದ್ದ ಸಣ್ಣ ಅಯಸ್ಕಾಂತ. ಅದು ತಟ್ಟೆಯನ್ನು ಮುಟ್ಟುತ್ತಲೂ ಇರಲಿಲ್ಲ. ಲೋಹ ಕಾಂತಕ್ಷೇತ್ರದೊಳಗೆ ಚಲಿಸಿದಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತಿನ ಮೇಲೆ ಕ್ಷೇತ್ರ ಬೀರುವ ಬಲ ಚಲನೆಗೇ ಎದುರಾಗುತ್ತದೆ. ಗಟ್ಟಿಯಾಗಿದ್ದಾಗ ಅರೆವಾಹಕವಾದ ಸಿಲಿಕಾನ್, ಕರಗಿದಾಗ ಲೋಹದಂತೆಯೇ ವಿದ್ಯುತ್ ಹರಿಸುತ್ತದೆ. ಆದ್ದರಿಂದ ಮೀಟರಿನ ನ್ಯಾಯವೇ ಮೂಸೆಗೂ ಅನ್ವಯ.

ಇದರ ಲೆಕ್ಕ ಹಾಕಿದವರಲ್ಲಿ ಭಾರತೀಯರಿಗೆ ಪರಿಚಿತವಾದ ಹೆಸರೊಂದಿದೆ: ಸುಬ್ರಹ್ಮಣ್ಯನ್ ಚಂದ್ರಶೇಖರ್. ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಇವರು, ಕೆಳಗಿನಿಂದ ಕಾಯಿಸಿದ ದ್ರವದ ಹೊರಳಾಟವನ್ನು ಕಾಂತಕ್ಷೇತ್ರ ಹೇಗೆ ತಡೆಯುತ್ತದೆಂದು 1952ರಲ್ಲಿ ಪ್ರಬಂಧ ಬರೆದರು. ಅವರಿದ್ದ ಷಿಕಾಗೋದಲ್ಲೇ ನಾಕಾಗಾವಾ ಎಂಬ ವಿಜ್ಞಾನಿ ಪಾದರಸ ಕಾಯಿಸಿ 1955ರಲ್ಲಿ ಅದನ್ನು ದೃಢಪಡಿಸಿದರು.

ಚಂದ್ರಶೇಖರರ ಲೆಕ್ಕದಿಂದ ಹೊರಬಿದ್ದ ಇನ್ನೊಂದು ಸಂಗತಿ ಹೆಚ್ಚು ವಿಚಿತ್ರ. ಪಾತ್ರೆಯನ್ನು ತಿರುಗಿಸುವುದರಿಂದಲೂ ಹೊರಳಾಟಕ್ಕೆ ತಡೆ ಬೀಳುತ್ತದೆ, ಕಾಂತಕ್ಷೇತ್ರದಿಂದಲೂ ಬೀಳುತ್ತದೆ. ಹಾಗಿದ್ದರೆ ಎರಡನ್ನೂ ಸೇರಿಸಿದರೆ ತಡೆ ಇಮ್ಮಡಿಯಾಗಬೇಕಲ್ಲವೆ? ಯಾವಾಗಲೂ ಇಲ್ಲ. ತಿರುಗುವ ದ್ರವಕ್ಕೆ ಮಧ್ಯಮ ಬಲದ ಕ್ಷೇತ್ರವನ್ನು ಹಚ್ಚಿದರೆ, ತಿರುಗುವಿಕೆಯೊಂದೇ ಇದ್ದಾಗ ಬೇಕಿದ್ದುದಕ್ಕಿಂತ ಕಡಿಮೆ ಕಾವಿಗೇ ಹೊರಳಾಟ ಶುರುವಾಗಬಹುದು. ತಿರುಗುವಿಕೆ ಹಾಕಿದ ಕಟ್ಟನ್ನು ಕ್ಷೇತ್ರವೇ ಸಡಿಲಿಸಿಬಿಡುತ್ತದೆ. ಪಾದರಸದ ಪ್ರಯೋಗಗಳು ಇದನ್ನೂ ನಿಜವೆಂದು ತೋರಿಸಿದವು. ಎರಡು ಔಷಧ ಬೆರೆಸಿ ರೋಗ ಹೆಚ್ಚಿಸಿಕೊಂಡಂತೆ!

ಹರಳಿನ ಮೇಲೆ ಅಯಸ್ಕಾಂತದ ಪ್ರಯೋಗ 1966ರಲ್ಲಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಬೇರೆ ಬೇರೆಯಾಗಿ ನಡೆಯಿತು. ಇಂಡಿಯಂ ಆಂಟಿಮೊನೈಡ್ ಹರಳಿನಲ್ಲಿ ಪಟ್ಟೆಗಳು ಮಾಯವಾದವು. ಸಿಲಿಕಾನಿನಲ್ಲಿ ಇದನ್ನು 1980ರ ಸುಮಾರಿಗೆ ಸಾಧಿಸಿ ತೋರಿಸಿದ್ದು ಜಪಾನಿನ ಸೋನಿ ಕಂಪನಿ. ಅದಕ್ಕೆ ಬೇಕಿದ್ದುದು ಕ್ಯಾಮೆರಾ ಚಿಪ್‌ಗಳಿಗೆ ಕಲೆಯಿಲ್ಲದ ಹರಳು.

ಆದರೆ ಕ್ಷೇತ್ರವನ್ನು ಯಾವ ದಿಕ್ಕಿಗೆ ಹಚ್ಚಬೇಕು ಎಂಬುದು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ನೆಟ್ಟಗೆ ಮೇಲ್ಮುಖವಾಗಿ ಹಚ್ಚಿದರೆ ಮೂಸೆಯ ಸುತ್ತೆಲ್ಲ ಒಂದೇ ಸಮ. ಆದರೆ ಆಮ್ಲಜನಕವು ಹರಳಿನ ನಡುವೆ ಒಂದು ಪ್ರಮಾಣ, ಅಂಚಿನಲ್ಲಿ ಇನ್ನೊಂದು ಪ್ರಮಾಣವಾಗಿ ಸೇರತೊಡಗಿತು. ಅಡ್ಡಲಾಗಿ ಹಚ್ಚಿದರೆ ಆಮ್ಲಜನಕ ತಗ್ಗುತ್ತದೆ, ಮೂಸೆಯೊಳಗಿನ ಸಮತೋಲ ಓರೆಯಾಗುತ್ತದೆ. ಮೇಲೊಂದು ಕೆಳಗೊಂದು ಸುರುಳಿಯಿಟ್ಟು, ಪರಸ್ಪರ ವಿರುದ್ಧವಾಗಿ ವಿದ್ಯುತ್ ಹರಿಸುವ ಮೂರನೆಯ ದಾರಿಯೂ ಬಂತು. ಯಾವುದನ್ನು ಆರಿಸಬೇಕೆನ್ನುವುದು ಹರಳಿನ ಬಳಕೆಯ ಮೇಲೆ ನಿಂತ ಮಾತು.

ಅಡ್ಡ ಕ್ಷೇತ್ರಕ್ಕೆ ಸಾಮಾನ್ಯವಾಗಿ ಬೇಕಾಗುವ ಬಲ ಕೆಲವು ಸಾವಿರ ಗೌಸ್, ಭೂಮಿಯ ಕಾಂತಕ್ಷೇತ್ರದ ಸಾವಿರಾರು ಪಟ್ಟು. ತಾಮ್ರದ ಸುರುಳಿಯಿಂದ ಅಷ್ಟನ್ನು ಪಡೆಯಲು ಹೋದರೆ ವಿದ್ಯುತ್ ಬಿಲ್ಲೇ ಕಾರ್ಖಾನೆಯನ್ನು ನುಂಗೀತು. ಆದ್ದರಿಂದ ದೊಡ್ಡ ಕುಲುಮೆಗಳ ಸುತ್ತ ಈಗ ಅತಿವಾಹಕ ಅಯಸ್ಕಾಂತಗಳಿವೆ. ಒಳಗೆ 1,414 ಡಿಗ್ರಿಯ ಮೂಸೆ. ಅದರ ಸುತ್ತಲಿನ ಉಕ್ಕಿನ ಗೋಡೆಯಾಚೆ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗೆ ತಣಿಸಿಟ್ಟ ಸುರುಳಿ.