ಭಂಡಾರದ ಕಲೆಯೂ ಮೋಟಾರಿನ ಗಾದಿಯೂ

ಸೋಮವತಿ ಅಮಾವಾಸ್ಯೆಯ ಸಂಜೆ ಹಡಪಸರದ ನಾಕೆಯಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ, ಸಾಸವಡದ ಕಡೆಯಿಂದ ದಿವೆ ಘಾಟನ್ನು ಇಳಿದು ಬರುವ ಗಾಡಿಗಳು ಯಾವ ದೇವರ ದರ್ಶನ ಮುಗಿಸಿ ಬರುತ್ತಿವೆಯೆಂದು ಯಾರನ್ನೂ ಕೇಳಬೇಕಾದ ಅಗತ್ಯವಿಲ್ಲ. ಒಳಗೆ ಕುಳಿತವರ ಹಣೆ, ತಲೆ, ಅಂಗಿ ಎಲ್ಲವೂ ಹಳದಿ. ಗಾಡಿಯ ಮೂತಿಯೂ ಹಳದಿ. ಮರಾಠಿಗರ ಖಂಡೋಬಾ ನಮ್ಮವರಿಗೆ ಮೈಲಾರಲಿಂಗ. ಆದುದರಿಂದ ಪುಣೆಯ ಕನ್ನಡ ಕುಟುಂಬಗಳಿಗೆ ಜೆಜುರಿಯ ಯಾತ್ರೆ ಪರವೂರಿನ ಯಾತ್ರೆಯಲ್ಲ; ಊರಿನ ಮೈಲಾರಕ್ಕೋ ದೇವರಗುಡ್ಡಕ್ಕೋ ಹೋಗಲಾಗದ ವರ್ಷ ಇಲ್ಲಿಗಾದರೂ ಹೋಗಿ ಬರುವುದು ವಾಡಿಕೆ. ಗುಡ್ಡದ ಮೇಲೆ ಮುಷ್ಟಿ ಮುಷ್ಟಿಯಾಗಿ ಎರಚಿದ ಭಂಡಾರ ಭಕ್ತರೊಡನೆ ಗುಡ್ಡವಿಳಿದು ಗಾಡಿಯನ್ನೇರುತ್ತದೆ. ಭಕ್ತರು ಮನೆಯ ಬಾಗಿಲಲ್ಲಿ ಇಳಿದು ಹೋಗುತ್ತಾರೆ, ಭಂಡಾರ ಮಾತ್ರ ಗಾದಿಯಲ್ಲಿ ಉಳಿಯುತ್ತದೆ.

ಈ ಲೇಖನಕ್ಕೆ ಕಾರಣರಾದವರು ಇಂಡಿ ತಾಲೂಕಿನಿಂದ ಬಂದು ವಾರಜೆಯಲ್ಲಿ ನೆಲೆಸಿರುವ ಒಬ್ಬ ಚಾಲಕರು. ಗಾಡಿ ಅವರದಲ್ಲ, ಮಾಲೀಕರದು. ಜೆಜುರಿಗೆ ಹೋಗಿ ಬಂದ ರಾತ್ರಿ ಹಿಂದಿನ ಗಾದಿ ಹಾಗೂ ನೆಲಹಾಸು ಹಳದಿಯಾಗಿದ್ದುದನ್ನು ಕಂಡು, ಬೆಳಗಾದರೆ ಮಾಲೀಕರು ತೊಳೆಸಿದ ವೆಚ್ಚವನ್ನು ತಮ್ಮ ಸಂಬಳದಲ್ಲಿ ಮುರಿದುಕೊಳ್ಳುವರೆಂಬ ಭಯದಿಂದ, ಬಟ್ಟೆ ಒಗೆಯುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ತಿಕ್ಕಿದರು. "ಹಳದೀದು ರಕ್ತದ ಬಣ್ಣ ಆತ್ರೀ ಸರ, ಕೈಕಾಲು ತಣ್ಣಗಾದೂವು" ಎಂದು ಅವರು ನಮಗೆ ಹೇಳಿದರು. ಗಾಬರಿಯಲ್ಲಿ ಮನೆಯಲ್ಲಿದ್ದ ಬಿಳುಪು ದ್ರವವನ್ನು ಸುರಿದರು. ಅದೂ ಸಾಲದೆಂದು ಶೌಚಾಲಯ ತೊಳೆಯುವ ಆಮ್ಲವನ್ನು ಅದರ ಮೇಲೆಯೇ ಹಾಕಿದರು. ಮಳೆ ಹನಿಯುತ್ತಿದ್ದುದರಿಂದ ಬಾಗಿಲುಗಳು ಮುಚ್ಚಿದ್ದವು. ಎದ್ದ ಹೊಗೆಗೆ ಉಸಿರು ಕಟ್ಟಿ, ಕಣ್ಣು ಕಾಣದೆ, ಹೇಗೋ ಬಾಗಿಲು ತೆರೆದು ಹೊರಗೆ ಬಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದದ್ದು ಅವರ ಪುಣ್ಯ. ಗಾದಿಯ ಬಟ್ಟೆ ಅಲ್ಲಲ್ಲಿ ಬಿಳಿಚಿ ಹೋಯಿತು; ಸಂಬಳವೂ ಮುರಿಯಿತು.

ಅವರ ಅಜ್ಞಾನಕ್ಕೆ ನಗುವ ಮುನ್ನ ನಮ್ಮ ಸುಶಿಕ್ಷಿತ ವಾಚಕರು ತಮ್ಮ ಸ್ನಾನದ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಬೇಕು. ಆ ಎರಡು ಸೀಸೆಗಳೂ ಅಲ್ಲಿ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಬಿಳುಪು ದ್ರವಕ್ಕೆ ಆಮ್ಲ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಈಪ್ರ್ ಪಟ್ಟಣದ ಬಳಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಬಿಳುಪು ದ್ರವಕ್ಕೆ ಅಮೋನಿಯಾ ಸೇರಿದರೂ ಬೇರೊಂದು ವಿಷಾನಿಲ ಏಳುತ್ತದೆ. ಮನೆಯ ಅಂಗಳದಲ್ಲಿ ಚದುರಿ ಹೋಗಬಹುದಾದ ಅನಿಲ, ಮೋಟಾರಿನ ಒಳಗಿನ ಇಕ್ಕಟ್ಟಾದ ಜಾಗದಲ್ಲಿ ಎಲ್ಲಿಗೂ ಹೋಗಲಾರದು. ಅಕಸ್ಮಾತ್ ಹಾಗಾದರೆ ಒಡನೆಯೇ ಶುದ್ಧವಾದ ಗಾಳಿಗೆ ಬರಬೇಕು, ಕಣ್ಣನ್ನು ಧಾರಾಳವಾಗಿ ನೀರಿನಿಂದ ತೊಳೆಯಬೇಕು; ಕೆಮ್ಮು ಕಡಿಮೆಯಾಯಿತೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಬೇಕು. ಪುಪ್ಪುಸಕ್ಕೆ ಆದ ಹಾನಿ ಕೆಲವು ತಾಸುಗಳ ಮೇಲೆ ತೋರುವುದುಂಟು.

ಇನ್ನು ಹಳದಿ ಕೆಂಪಾದ ವಿಚಾರ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುವ ನಮ್ಮ ತಾಯಂದಿರಿಗೆ ತಲೆತಲಾಂತರದಿಂದ ಗೊತ್ತಿರುವ ಸಂಗತಿ ಇದು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಸುಣ್ಣದಂತೆಯೇ ಬಟ್ಟೆ ಒಗೆಯುವ ಪುಡಿಯೂ ಕ್ಷಾರ, ಸಾಬೂನೂ ಕ್ಷಾರ. ನಮ್ಮ ಚಾಲಕರು ತಿಳಿಯದೆ ಗಾದಿಯ ಮೇಲೆ ಓಕುಳಿಯನ್ನೇ ಮಾಡಿದ್ದರು. ಆ ಹೊತ್ತಿನಲ್ಲಿ ಅವರು ಒಂದು ಪಾಲು ವಿನಿಗರನ್ನು ನಾಲ್ಕು ಪಾಲು ನೀರಿಗೆ ಬೆರೆಸಿ ಒರಸಿದ್ದರೆ ಕೆಂಪು ಮರಳಿ ಹಳದಿಯಾಗುತ್ತಿತ್ತು. ಹಳದಿಯಾದದ್ದನ್ನು ತೆಗೆಯುವುದು ಆಮೇಲಿನ ಮಾತು.

ತೆಗೆಯುವ ಬಗೆ ಹೀಗೆ. ಭಂಡಾರ ಪುಡಿಯಾಗಿರುವವರೆಗೆ ಅದಕ್ಕೆ ನೀರನ್ನು ತಾಕಿಸಲೇ ಬಾರದು. ಕಾಲುಹಾಸುಗಳನ್ನು ಹೊರಗೆ ತೆಗೆದು ಕೊಡವಬೇಕು; ಗಾದಿಯನ್ನು ಮೆದುವಾದ ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಬೇಕು; ಧೂಳು ಹೀರುವ ಯಂತ್ರ ದೊರೆತರೆ ಇನ್ನೂ ಲೇಸು. ಮುಕ್ಕಾಲು ಪಾಲು ಕೆಲಸ ಇಲ್ಲಿಯೇ ಮುಗಿಯುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಆದುದರಿಂದ ಉಳಿದ ಕಲೆಯನ್ನು, ಔಷಧದ ಅಂಗಡಿಯಲ್ಲಿ ದೊರೆಯುವ ಸ್ಪಿರಿಟ್ಟಿನ ಕೆಲವು ಹನಿಗಳನ್ನು ಬಿಳಿಯ ಬಟ್ಟೆಗೆ ಹಾಕಿಕೊಂಡು, ತಿಕ್ಕದೆ ಒತ್ತಿ ಒತ್ತಿ ತೆಗೆಯಬೇಕು. ಬಾಗಿಲುಗಳು ತೆರೆದಿರಬೇಕು, ಹತ್ತಿರದಲ್ಲಿ ಬೀಡಿ ಸೇದುವವರು ಇರಬಾರದು. ಕೊನೆಯ ಉಪಾಯ ಬಿಸಿಲು. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಎರಡು ಮೂರು ದಿನ ಗಾಡಿಯನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರೆ ಮಿಕ್ಕ ಛಾಯೆ ತಾನಾಗಿ ಕರಗುತ್ತದೆ. ಭಂಡಾರದಲ್ಲಿ ಕೃತಕ ಬಣ್ಣ ಬೆರೆಸುತ್ತಾರೆಂಬ ದೂರು ಇತ್ತೀಚಿನ ವರ್ಷಗಳಲ್ಲಿ ಕೇಳಿಬಂದಿದೆ; ಅಂಥ ಬಣ್ಣ ಅರಿಸಿನದಷ್ಟು ಸುಲಭವಾಗಿ ಬಿಸಿಲಿಗೆ ಮಣಿಯದು.

ನಾನಾ ಪೇಠೆಯ ಮೋಟಾರು ಸಾಮಾನಿನ ಅಂಗಡಿಗಳ ಸಾಲಿನಲ್ಲಿ ನಡೆದು ಹೋದರೆ ಗಾದಿಗೊಂದು, ನೆಲಹಾಸಿಗೊಂದು, ಗಾಜಿಗೊಂದು, ವಾಸನೆಗೊಂದು ಎಂದು ಬಣ್ಣಬಣ್ಣದ ಸೀಸೆಗಳು ಕಣ್ಣು ಸೆಳೆಯುತ್ತವೆ. ಅವೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ಆದರೆ ದಿನನಿತ್ಯದ ಕೊಳೆಗೆ ಬೇಕಾದದ್ದು ಬಹಳ ಸ್ವಲ್ಪ: ಒಂದು ಲೀಟರು ನೀರಿಗೆ ಒಂದು ಚಿಕ್ಕ ಚಮಚ ಮಕ್ಕಳ ತಲೆಗೆ ಹಾಕುವ ಶಾಂಪೂ. ಅದು ಕ್ಷಾರವೂ ಅಲ್ಲ, ತೀಕ್ಷ್ಣವಾದ ಆಮ್ಲವೂ ಅಲ್ಲ. ಕೈಯಿಂದ ಚೆನ್ನಾಗಿ ಕಡೆದು ನೊರೆ ಎಬ್ಬಿಸಿ, ನೊರೆಯನ್ನು ಮಾತ್ರ ಬ್ರಷ್‌ನಿಂದ ಎತ್ತಿಕೊಂಡು ಗಾದಿಗೆ ಹಚ್ಚಬೇಕು. ಕೆಳಗಿನ ನೀರನ್ನು ಮುಟ್ಟಬಾರದು. ಇದರ ಗುಟ್ಟು ಗಾದಿಯ ಹೊಟ್ಟೆಯಲ್ಲಿದೆ. ಮೇಲಿನ ಬಟ್ಟೆ ಪಾಲಿಯೆಸ್ಟರಿನದು, ಬೇಗ ಆರುತ್ತದೆ. ಒಳಗಿನ ಫೋಮು ಸ್ಪಂಜಿನಂತೆ ನೀರು ಕುಡಿದು ಬಿಡದೆ ಕೂಡುತ್ತದೆ. ಒಂದೆರಡು ದಿನ ಒದ್ದೆಯಿದ್ದರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ನೊರೆ ಹಚ್ಚಿದ ಮೇಲೆ ಬರಿಯ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರಸುವುದನ್ನು ಮರೆಯಬಾರದು. ಉಳಿದ ಶಾಂಪೂ ಅಂಟಂಟಾಗಿ ಧೂಳನ್ನು ಹಿಡಿಯುತ್ತದೆ. ತೊಳೆದ ಗಾದಿ ವಾರದೊಳಗೆ ಮೊದಲಿಗಿಂತ ಕೊಳೆಯಾಯಿತೆಂದು ಗೊಣಗುವವರ ಕಥೆಯೆಲ್ಲ ಇದೇ.

ಸಾಬೂನು ಏಕೆ ಬೇಡವೆಂದು ಕೇಳಬಹುದು. ಮೈಸೂರು ಸ್ಯಾಂಡಲ್ಲಿನ ಮೇಲೆ ನಮಗೂ ಮಮತೆಯಿದೆ. ಅದರ ಸ್ಥಾನ ಸ್ನಾನದ ಮನೆ. ಪುಣೆಯಲ್ಲಿ ಖಡಕವಾಸಲೆಯ ನೀರು ತಲುಪದ ಹೊಸ ಬಡಾವಣೆಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿವೆ. ಆ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿಯ ಜಿಗುಟಾಗುತ್ತದೆ. ಅದು ಬಟ್ಟೆಯ ಎಳೆಗಳಲ್ಲಿ ಕುಳಿತರೆ ತೆಗೆಯುವುದು ಕಷ್ಟ. ಬಟ್ಟೆಯ ಪುಡಿಗಳು ಗಡಸು ನೀರಿಗೆ ಹೆದರುವುದಿಲ್ಲ, ಆದರೆ ಅಗ್ಗದ ಪುಡಿಗಳಲ್ಲಿ ಸೋಡವೇ ಹೆಚ್ಚು. ಸೋಡವೆಂದಾಗ ಇನ್ನೊಂದು ಎಚ್ಚರಿಕೆ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ 'ಖಾಣ್ಯಾಚಾ ಸೋಡಾ', 'ಧುಣ್ಯಾಚಾ ಸೋಡಾ' ಎಂದು ಎರಡು ಬಗೆ. ಮೊದಲನೆಯದು ಅಡಿಗೆಯ ಸೋಡ: ಒಣಗಿದ ನೆಲಹಾಸಿನ ಮೇಲೆ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಗುಡಿಸಿದರೆ ಹುಳಿವಾಸನೆಯನ್ನು ಹೀರುತ್ತದೆ. ಎರಡನೆಯದು ಒಗೆಯುವ ಸೋಡ: ಕೈಯನ್ನು ಸುಡುತ್ತದೆ, ಬಣ್ಣವನ್ನು ಕೆಡಿಸುತ್ತದೆ. ಬರಿದೆ 'ಸೋಡಾ' ಎಂದು ಕೇಳಿ ತಂದು ಮೋಸಹೋದವರುಂಟು. ಅರಿಸಿನದ ಕಲೆಯಿದ್ದಲ್ಲಿ ಎರಡೂ ಬೇಡ.

ಅಂಟುವಾಳಕಾಯಿ, ಇಲ್ಲಿನವರ ರಿಠಾ, ನಿಜವಾಗಿಯೂ ಒಳ್ಳೆಯ ವಸ್ತು. ಅದರ ನೊರೆ ತುಸು ಆಮ್ಲಗುಣದ್ದಾದುದರಿಂದ ಅರಿಸಿನವನ್ನು ಕೆಂಪು ಮಾಡುವುದಿಲ್ಲ. ಆದರೆ ಅದರ ಕಷಾಯ ಕಂದು ಬಣ್ಣದ್ದು; ಕಪ್ಪು ನೆಲಹಾಸಿಗೆ ಯೋಗ್ಯ, ತಿಳಿಬಣ್ಣದ ಗಾದಿಗೆ ಅಲ್ಲ. ಕಣ್ಣಿಗೆ ಬಿದ್ದರೆ ಉರಿ ಅಷ್ಟಿಷ್ಟಲ್ಲ. ನೈಸರ್ಗಿಕವಾದುದೆಲ್ಲ ನಿರುಪದ್ರವಿಯೆಂಬ ಭ್ರಮೆ ಈಗ ಬಹಳ ಹಬ್ಬಿರುವುದರಿಂದ ಇದನ್ನು ಹೇಳಬೇಕಾಯಿತು.

ಊರಿಗೆ ಹೋಗುವ ಕುಟುಂಬಗಳ ದೊಡ್ಡ ಸಂಕಟ ಬೇರೆಯದು. ಕಾತ್ರಜ ದಾಟಿ ಖಂಬಾಟಕಿ ಘಾಟಿನ ತಿರುವುಗಳಿಗೆ ಬರುವಷ್ಟರಲ್ಲಿ ಹಿಂದಿನ ಗಾದಿಯ ಮಗು ಕುಡಿದ ಹಾಲನ್ನೆಲ್ಲ ಕಾರಿಕೊಂಡಿರುತ್ತದೆ. ಹಾಲು, ಮೊಸರು, ವಾಂತಿ, ರಕ್ತ ಇವುಗಳಿಗೆ ಬಿಸಿನೀರು ಕೂಡದು; ಬಿಸಿಗೆ ಮೊಟ್ಟೆ ಗಟ್ಟಿಯಾಗುವಂತೆ ಅವುಗಳಲ್ಲಿನ ಸಸಾರಜನಕವೂ ಎಳೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಟ್ಟಿಯಾದುದನ್ನು ಹಳೆಯ ಕಾಗದದಿಂದ ಕೆರೆದೆತ್ತಿ, ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ, ಆಮೇಲೆ ನೊರೆ. ವಾಸನೆ ಮರುಕಳಿಸಿದರೆ ಕಿಣ್ವಗಳಿರುವ ದ್ರವವೊಂದನ್ನು ಕೊಂಡುಕೊಳ್ಳುವುದು ನ್ಯಾಯ. ಅಂಗಡಿಯ ಸೀಸೆಗೆ ಹಣ ಕೊಡಬೇಕಾದ ಸಂದರ್ಭ ಇದೊಂದೇ ಎಂದು ನಮ್ಮ ಅಭಿಪ್ರಾಯ. ಚಹಾದ ಕಲೆಗೆ ಮೊದಲು ಹೇಳಿದ ವಿನಿಗರಿನ ನೀರು ಸಾಕು. ಕೆಸರಾದರೆ ಏನೂ ಮಾಡದೆ ಒಣಗಲು ಬಿಡಬೇಕು. ಹಸಿ ಕೆಸರನ್ನು ತಿಕ್ಕುವುದೆಂದರೆ ಅದನ್ನು ನೆಲಹಾಸಿಗೆ ನಾಟಿ ಮಾಡಿದಂತೆ.

ರೆಕ್ಸಿನ್ ಗಾದಿಗಳಿಗೆ ಒದ್ದೆ ಬಟ್ಟೆಯೇ ಪರಮೌಷಧ. ಪೆಟ್ರೋಲ್, ಥಿನ್ನರ್, ಸ್ಪಿರಿಟ್ಟು ಇವು ಅದನ್ನು ಮೆದುವಾಗಿಟ್ಟಿರುವ ಎಣ್ಣೆಯಂಶವನ್ನು ಎಳೆದುಕೊಂಡು ಕೆಲವೇ ತಿಂಗಳಲ್ಲಿ ಬಿರುಕು ಬರಿಸುತ್ತವೆ. ಎಣ್ಣೆಯ ಕಲೆಗೆ ಪೆಟ್ರೋಲ್ ಹಚ್ಚುವ ಹಳೆಯ ಪದ್ಧತಿ ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ. ಮುಚ್ಚಿದ ಗಾಡಿಯಲ್ಲಿ ಅದರ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಹಿಂದಿನ ತಲೆಮಾರಿನವರು ಕಲೆ ತೆಗೆಯಲು ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸುತ್ತಿದ್ದರು. ಅದಕ್ಕೆ ಬೆಂಕಿ ಹತ್ತದೆಂಬುದೇ ಅದರ ಹೆಗ್ಗಳಿಕೆ. ಅದು ಯಕೃತ್ತಿಗೆ ವಿಷವೆಂಬುದೂ ಓಝೋನ್ ಪದರಕ್ಕೆ ಮಾರಕವೆಂಬುದೂ ತಿಳಿದು, ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ನಮ್ಮ ದೇಶದಲ್ಲಿಯೂ ಅಂಥ ಬಳಕೆಯಿಂದ ಹಿಂತೆಗೆಯಲ್ಪಟ್ಟಿತು. ಹಳೆಯ ಗೃಹವಿಜ್ಞಾನದ ಪುಸ್ತಕಗಳಲ್ಲಿ ಅದರ ಹೆಸರನ್ನು ಕಂಡವರು ಹುಡುಕಿಕೊಂಡು ಹೋಗಬಾರದು.

ಸೀಟಿನ ಬೆಲ್ಟನ್ನು ಕುರಿತು ಒಂದು ಮಾತು. ಅದಕ್ಕೆ ಬಿಳುಪು ದ್ರವವನ್ನಾಗಲಿ ತೀಕ್ಷ್ಣ ವಸ್ತುಗಳನ್ನಾಗಲಿ ತಾಕಿಸಕೂಡದು. ಎಳೆಗಳು ಬಲ ಕಳೆದುಕೊಂಡದ್ದು ಕಣ್ಣಿಗೆ ಕಾಣುವುದಿಲ್ಲ, ಅಪಘಾತದ ದಿನ ಗೊತ್ತಾಗುತ್ತದೆ. ಈಗಿನ ಗಾಡಿಗಳಲ್ಲಿ ಗಾದಿಯ ಕೆಳಗೆ ಗಾಳಿಚೀಲದ ತಂತಿಗಳೂ ಇರುತ್ತವೆ. ಅವುಗಳ ಕೊಂಡಿ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಕೊಳವೆ ಹಿಡಿದು ಒಳಗೆ ನೀರು ಬಿಡುವ ಉತ್ಸಾಹಿಗಳು ಇದನ್ನು ನೆನಪಿನಲ್ಲಿಡಬೇಕು.

ಯಾವ ಶುದ್ಧಿಕಾರಕಕ್ಕೂ ಮಣಿಯದ ಕೊಳೆಯೊಂದಿದೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದಾಗ ಪುಣೆಯಲ್ಲಿ ಮೋಟಾರುಗಳು ಕೆಲವೇ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ ಓಢೆ ಉಕ್ಕಿದಾಗಲೂ, 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಗೆ ನದಿ ನುಗ್ಗಿದಾಗಲೂ ನಿಲ್ಲಿಸಿದ್ದ ಗಾಡಿಗಳು ನೀರಿನಲ್ಲಿ ಮುಳುಗಿದವು. ನೆರೆಯ ನೀರೆಂದರೆ ಚರಂಡಿಯ ನೀರು. ಅದನ್ನು ಕುಡಿದ ಫೋಮನ್ನು ತೆಗೆದೆಸೆಯದೆ ಗತ್ಯಂತರವಿಲ್ಲ. ಮೇಲೆ ಎಷ್ಟು ತೊಳೆದರೂ ಒಳಗಿನ ಬೂಷ್ಟು ಉಬ್ಬಸದವರ, ಮಕ್ಕಳ ಎದೆಯನ್ನು ಹಿಡಿಯುತ್ತದೆ. ಅಂಥ ಗಾಡಿಗಳನ್ನು ಒರಸಿ, ಅತ್ತರು ಹೊಡೆದು, ಕಡಿಮೆ ಬೆಲೆಗೆ ಮಾರುವವರಿದ್ದಾರೆ. ಕೊಳ್ಳುವವರು, ಊರಿನ ಎಕರೆಯನ್ನು ಒತ್ತೆಯಿಟ್ಟು ಸ್ವಂತ ಟ್ಯಾಕ್ಸಿಯ ಕನಸು ಕಾಣುವ ನಮ್ಮ ಹುಡುಗರೇ ಆಗಿರುತ್ತಾರೆ. ಹಳೆಯ ಗಾಡಿ ಕೊಳ್ಳುವಾಗ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಬೇಕು; ನೆಲಹಾಸನ್ನು ಎತ್ತಿ ಸಣ್ಣ ಮರಳು ಕೈಗೆ ಹತ್ತುತ್ತದೆಯೇ, ಗಾದಿಯ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿವೆಯೇ ಪರೀಕ್ಷಿಸಬೇಕು. ಒಳಗೆ ಪರಿಮಳ ಅತಿಯಾಗಿದ್ದರೆ ಅದೇ ಒಂದು ಸಂಶಯ.

ಮುಂಜಾವಿನಲ್ಲಿ ಹೌಸಿಂಗ್ ಸೊಸಾಯಿಟಿಗಳ ಅಂಗಳದಲ್ಲಿ ಸಾಲುಗಾಡಿಗಳನ್ನು ತೊಳೆಯುವವರಲ್ಲಿ ಕಲಬುರ್ಗಿ, ವಿಜಯಪುರದ ಕಡೆಯವರೂ ಇದ್ದಾರೆ. ಅವರ ಬೆರಳ ಸಂದುಗಳು ಬಿರಿದಿರುವುದು ಚಳಿಯಿಂದ ಮಾತ್ರವಲ್ಲ, ಸೋಡದ ಪುಡಿಯಿಂದ. ಗಾಡಿಯ ಮಾಲೀಕರು ಒಂದು ಸೀಸೆ ಶಾಂಪೂ, ಒಂದು ಜೊತೆ ರಬ್ಬರಿನ ಕೈಚೀಲ ಕೊಟ್ಟರೆ ಗಾದಿಯೂ ಉಳಿದೀತು, ಕೈಯೂ ಉಳಿದೀತು.

ಇಂಡಿಯ ಆ ಚಾಲಕರು ಈಚೆಗೆ ಜೆಜುರಿಯ ಬಾಡಿಗೆ ಬಂದಾಗ ಮನೆಯಿಂದ ಎರಡು ಹಳೆಯ ಚಾದರಗಳನ್ನು ಒಯ್ಯುತ್ತಾರೆ. ಭಕ್ತರು ಏರುವ ಮುನ್ನ ಗಾದಿಗೊಂದು, ನೆಲಕ್ಕೊಂದು ಹಾಸುತ್ತಾರೆ. ಮರಳಿ ಬಂದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಭಂಡಾರವೆಲ್ಲ ಗಂಟಿನಲ್ಲಿ. ಅದನ್ನು ಕೊಡವುವುದಿಲ್ಲವಂತೆ, "ದೇವರದ್ರೀ, ಎಲ್ಲಿ ಚೆಲ್ಲೂದು?" ಎಂದು ಡಬ್ಬಿಗೆ ತುಂಬಿ ಮನೆಯ ಜಗಲಿಯ ಮೇಲೆ ಇಟ್ಟಿದ್ದಾರೆ.