ಹೃದಯದ ಕಿರುನಾಳಗಳ ಎದೆನೋವು: ಚಿಕಿತ್ಸೆಯ ಅನ್ವೇಷಣೆ

ಮೆಟ್ಟಿಲೇರುವಾಗ ಎದೆ ಹಿಂಡಿದಂತಾಗುವ ರೋಗಿಯ ಆಂಜಿಯೋಗ್ರಾಮ್‌ನಲ್ಲಿ ಗಮನಾರ್ಹ ಅಡಚಣೆ ಕಾಣದಿರುವುದುಂಟು. ಇಂಥವರಲ್ಲಿ ಮಹಿಳೆಯರೇ ಹೆಚ್ಚು. ಹೃದಯದಲ್ಲಿ ದೋಷವಿಲ್ಲವೆಂಬ ಭರವಸೆ ದೊರೆತರೂ ಅವರ ನೋವು ಉಳಿದೇ ಇರುತ್ತದೆ. 1973ರಲ್ಲಿ ಹಾರ್ವೆ ಕೆಂಪ್ ಈ ಒಗಟನ್ನು ‘ಸಿಂಡ್ರೋಮ್ ಎಕ್ಸ್’ ಎಂದು ಕರೆದರು. 1988ರಲ್ಲಿ ಕ್ಯಾನನ್ ಮತ್ತು ಎಪ್‌ಸ್ಟೈನ್ ‘ಮೈಕ್ರೋವ್ಯಾಸ್ಕ್ಯುಲರ್ ಆಂಜೈನ’ ಎಂಬ ಹೆಸರನ್ನು ಸೂಚಿಸಿ, ಕಿರುನಾಳಗಳತ್ತ ಗಮನ ಸೆಳೆದರು.

ಆಂಜಿಯೋಗ್ರಾಮ್ ಸ್ಪಷ್ಟವಾಗಿ ತೋರಿಸುವುದು ಸುಮಾರು ಅರ್ಧ ಮಿಲಿಮೀಟರ್‌ಗಿಂತ ದಪ್ಪನಾದ ಧಮನಿಗಳನ್ನು ಮಾತ್ರ. ಹೃದಯಸ್ನಾಯುವಿಗೆ ಬೇಕಾದಷ್ಟು ರಕ್ತವನ್ನು ಹಂಚುವ ಹೊಣೆ ಅದಕ್ಕಿಂತ ಸಣ್ಣ ನಾಳಗಳದು. ಹೃದಯದ ದುಡಿಮೆ ಹೆಚ್ಚಿದಾಗ ಇವು ಹಿಗ್ಗಬೇಕು. ಗೋಡೆ ದಪ್ಪವಾಗಿದ್ದರೆ ಅಥವಾ ನಾಳಗಳ ಸಂಖ್ಯೆಯೇ ಕುಗ್ಗಿದ್ದರೆ ಪ್ರವಾಹ ಸಾಕಷ್ಟು ಹೆಚ್ಚುವುದಿಲ್ಲ. ಒಳಪದರ ಕೆಟ್ಟಿದ್ದರೆ ಹಿಗ್ಗಬೇಕಾದ ನಾಳ ಸೆಟೆದುಕೊಳ್ಳಲೂಬಹುದು. ಸ್ಟೆಂಟ್ ಅಳವಡಿಸಲು ಇಲ್ಲಿ ಸ್ಥಳವೇ ಇಲ್ಲ.

ಈ ದೋಷಗಳನ್ನು ಅಳೆಯುವ ವಿಧಾನಗಳಿವೆ. ಸಂವೇದಕವುಳ್ಳ ತೆಳುತಂತಿಯನ್ನು ಧಮನಿಯೊಳಗೆ ಸೇರಿಸಿ, ಅಡೆನೊಸಿನ್ ನೀಡಿ, ಪ್ರವಾಹ ಎಷ್ಟು ಪಟ್ಟು ಏರುವುದೆಂದು ನೋಡಲಾಗುತ್ತದೆ. ಅದು ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ದೋಷವಿದೆಯೆಂದು ಸಾಮಾನ್ಯವಾಗಿ ಪರಿಗಣಿಸುವರು. ಸೆಡೆತದ ಪ್ರವೃತ್ತಿಯನ್ನು ಅಸಿಟೈಲ್‌ಕೋಲಿನ್ ಬಯಲಿಗೆ ತರುತ್ತದೆ.

ಇಂಥ ಪರೀಕ್ಷೆಯಿಂದ ರೋಗಿಗೆ ಪ್ರಯೋಜನವುಂಟೆ ಎಂಬುದನ್ನು ಸ್ಕಾಟ್ಲೆಂಡ್‌ನ ‘ಕಾರ್‌ಮಿಕಾ’ ಅಧ್ಯಯನ 2018ರಲ್ಲಿ ತಿಳಿಸಿತು. ಅಡಚಣೆಯಿಲ್ಲದ 151 ರೋಗಿಗಳೆಲ್ಲರನ್ನೂ ಪರೀಕ್ಷಿಸಿ, ಒಂದು ಗುಂಪಿನ ಫಲಿತಾಂಶವನ್ನು ಮಾತ್ರ ವೈದ್ಯರಿಗೆ ತಿಳಿಸಲಾಯಿತು. ಕಿರುನಾಳದ ದೋಷಕ್ಕೆ ಬೀಟಾ ತಡೆಮದ್ದು, ಸೆಡೆತಕ್ಕೆ ಕ್ಯಾಲ್ಸಿಯಂ ತಡೆಮದ್ದು ಮುಖ್ಯ ಆಧಾರವಾದವು. ಎರಡೂ ಇಲ್ಲದವರಲ್ಲಿ ಆಂಜೈನದ ಔಷಧವನ್ನು ನಿಲ್ಲಿಸಲಾಯಿತು. ಆರು ತಿಂಗಳಲ್ಲಿ ಈ ಗುಂಪಿನ ಆಂಜೈನ ಸೂಚ್ಯಂಕ 11.7 ಅಂಶಗಳಷ್ಟು ಉತ್ತಮವಾಗಿತ್ತು. ಹೃದಯಾಘಾತ ಮುಂತಾದ ಗಂಭೀರ ಘಟನೆಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. 2024ರ ಯುರೋಪಿನ ಹೃದ್ರೋಗ ಮಾರ್ಗಸೂಚಿಯು ಇಂಥ ಪರೀಕ್ಷೆಗೆ ಇನ್ನಷ್ಟು ಬಲ ನೀಡಿತು.

ಹೊಸ ಔಷಧಗಳ ಶೋಧ ಇಷ್ಟು ಸುಗಮವಾಗಿಲ್ಲ. 2016ರಲ್ಲಿ ರಾನೊಲಜಿನ್, 2022ರಲ್ಲಿ ಡಿಲ್ಟಿಯಾಜೆಮ್ ನಿರೀಕ್ಷಿತ ಫಲ ನೀಡಲಿಲ್ಲ. ನಾಳಗಳನ್ನು ಸಂಕುಚಿಸುವ ಎಂಡೋಥೀಲಿನ್‌ಗೆ ತಡೆಯೊಡ್ಡುವ ಜಿಬೊಟೆಂಟಾನ್ ಕುರಿತ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಅದೂ ವ್ಯಾಯಾಮದ ಅವಧಿಯನ್ನು ಹೆಚ್ಚಿಸಲಿಲ್ಲ, ಅಡ್ಡಪರಿಣಾಮಗಳೇ ಅಧಿಕವಾದವು.

ಒಂದೇ ಹೆಸರಿನಡಿ ಹಲವು ದೋಷಗಳು ಬೆರೆತಿರುವುದು ಈ ಸೋಲುಗಳಿಗೆ ಒಂದು ಕಾರಣವಿರಬಹುದು. ಆದುದರಿಂದ ದೋಷದ ಬಗೆಯನ್ನರಿತು ರೋಗಿಗಳನ್ನು ವಿಂಗಡಿಸಿ, ಅದಕ್ಕೆ ತಕ್ಕ ಮದ್ದನ್ನು ಪರೀಕ್ಷಿಸುವುದೇ ಮುಂದಿನ ಸಂಶೋಧನೆಯ ಸರಿಯಾದ ಮಾರ್ಗ. ಅಲ್ಲಿಯವರೆಗೆ, ಅಡಚಣೆ ಕಾಣದ ಮಾತ್ರಕ್ಕೆ ನೋವನ್ನು ಅಲ್ಲಗಳೆಯದಿರುವುದು ಚಿಕಿತ್ಸೆಯ ಮೊದಲ ಹೆಜ್ಜೆ.